ಬೆಳ್ಳಂದೂರಿನ ಕೆರೆ

ದಕ್ಷಿಣದೇಶದವರಾದ ನಮಗೆ ಹಿಮವೆಂಬುದು ಕಾವ್ಯಗಳಲ್ಲಿ ಓದಿ ತಿಳಿದ ವಸ್ತುವೇ ಹೊರತು ಕಣ್ಣಾರೆ ಕಂಡು ಬಲ್ಲ ವಸ್ತುವಲ್ಲ. ರಾಶಿಗೊಂಡ ಹಿಮಕ್ಕೆ ಸಂಸ್ಕೃತದಲ್ಲಿ ‘ಹಿಮಾನೀ’ ಎಂದು ಬೇರೊಂದು ಹೆಸರೇ ಇರುವುದನ್ನು ಅಮರಕೋಶವನ್ನು ಬಾಯಿಪಾಠ ಮಾಡಿದ ಹುಡುಗರೆಲ್ಲರೂ ಬಲ್ಲರು. ಆದರೆ ಅದನ್ನು ಒಪ್ಪಿಸುವಾಗ ಯಾವ ಹುಡುಗನಿಗೂ ಚಳಿಯಾದುದಿಲ್ಲ. ಹೀಗಿರುವುದರಿಂದ, ಹಿಮಾಲಯದ ಹಿಮನದಿಗಳು ಕರಗುತ್ತಿವೆಯೆಂದು ವರ್ತಮಾನಪತ್ರಿಕೆಗಳಲ್ಲಿ ಓದಿದಾಗ, ಅದು ಉತ್ತರದೇಶದವರ ಚಿಂತೆಯೆಂದು ತಿಳಿದು ಹಾಳೆಯನ್ನು ಮಗುಚುವುದು ನಮ್ಮಲ್ಲಿ ಸಹಜವಾಗಿದೆ. ಕಾವೇರಿಯು ಕೊಡಗಿನ ಮಳೆಯಿಂದ ತುಂಬುವಳು. ತುಂಗೆಯೂ ಭದ್ರೆಯೂ ಮಳೆಯ ಮಕ್ಕಳೇ. ನಮ್ಮ ನದಿಗಳಲ್ಲಿ ಹಿಮದ ನೀರು ಒಂದು ಹನಿಯೂ ಇಲ್ಲ.

ಈ ಮಾತು ನಿಜವೇ. ಆದರೆ ಇದರಿಂದ ನಾವು ನಿಶ್ಚಿಂತರಾಗಿರಬಹುದೆಂದು ಹೇಳುವುದಕ್ಕಾಗುವುದಿಲ್ಲ. ಹಿಮನದಿಯು ಮಾಡುವ ಕೆಲಸವೇನೆಂಬುದನ್ನು ಸ್ವಲ್ಪ ವಿಚಾರಿಸೋಣ. ಒಂದು ಋತುವಿನಲ್ಲಿ ಬಿದ್ದುದನ್ನು ಅದು ಹಿಡಿದಿಟ್ಟುಕೊಂಡು, ನೀರಿಲ್ಲದ ಮತ್ತೊಂದು ಋತುವಿನಲ್ಲಿ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವುದು. ಅದು ದೇವರು ಕಟ್ಟಿದ ಕಣಜ. ನಮಗೆ ಅಂತಹ ಕಣಜವು ಇಲ್ಲದಿದ್ದುದರಿಂದಲೇ ನಮ್ಮ ಪೂರ್ವಿಕರು ಅದನ್ನು ಕೈಯಿಂದ ಕಟ್ಟಿಕೊಂಡರು. ಅದಕ್ಕೆ ಕೆರೆಯೆಂದು ಹೆಸರು. ನಾಲ್ಕು ತಿಂಗಳಲ್ಲಿ ಸುರಿದ ಮಳೆಯನ್ನು ಹನ್ನೆರಡು ತಿಂಗಳಿಗೆ ಹಂಚುವ ಉಪಾಯವು ಬಯಲುಸೀಮೆಯಲ್ಲಿ ಕೆರೆಯ ಹೊರತು ಬೇರೊಂದು ಇರಲಿಲ್ಲ. ಆದುದರಿಂದ ಹಿಮಾಲಯದಲ್ಲಿ ಹಿಮವು ಕರಗುವುದಕ್ಕೂ ನಮ್ಮಲ್ಲಿ ಕೆರೆಯು ಕೆಡುವುದಕ್ಕೂ ಹತ್ತಿರದ ಸಂಬಂಧವುಂಟು. ಇದನ್ನು ಪ್ರತ್ಯಕ್ಷವಾಗಿ ಕಾಣಬೇಕೆನ್ನುವವರು ಕೇದಾರದವರೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಆಗ್ನೇಯಕ್ಕೆ, ಬೆಳ್ಳಂದೂರಿನವರೆಗೆ ಹೋದರೆ ಸಾಕು.

ಕಳೆದ ಮಾಗಿಯಲ್ಲಿ ನಾನು ಅಲ್ಲಿಗೆ ಹೋದುದು ಸಿಟಿಬಸ್ಸಿನಲ್ಲಿ. ಸಿಲ್ಕ್ ಬೋರ್ಡಿನ ಕೂಡುರಸ್ತೆಯನ್ನು ದಾಟಿ, ಹೊರವರ್ತುಲರಸ್ತೆಯಲ್ಲಿ ಅಗರದ ಕೆರೆಯನ್ನು ಬಲಕ್ಕೋ ಎಡಕ್ಕೋ ನೋಡುವಷ್ಟರಲ್ಲಿ ಇಬ್ಬಲೂರು ಬರುವುದು. ಅಲ್ಲಿಂದ ಸರ್ಜಾಪುರದ ರಸ್ತೆಯು ಕವಲೊಡೆಯುವುದು. ಮುಂದೆ ಬೆಳ್ಳಂದೂರು. ರಸ್ತೆಯ ಒಂದು ಪಾರ್ಶ್ವದಲ್ಲಿ ಗಾಜಿನ ಗೋಡೆಗಳುಳ್ಳ ಕಛೇರಿಗಳ ಸಾಲು. ದೇಶದ ನಾನಾ ಪ್ರಾಂತಗಳ ತರುಣತರುಣಿಯರು ಕೊರಳಿಗೆ ಗುರುತಿನ ಚೀಟಿಯನ್ನು ತೂಗುಹಾಕಿಕೊಂಡು ಅಲ್ಲಿ ಹಗಲಿರುಳೂ ದುಡಿಯುತ್ತಾರೆ. ಅವರಲ್ಲಿ ಅನೇಕರಿಗೆ ತಾವು ಕುಳಿತ ಕಟ್ಟಡದ ಹಿಂದೆ ಬೆಂಗಳೂರಿನಲ್ಲೆಲ್ಲ ಅತಿ ದೊಡ್ಡದಾದ ಕೆರೆಯಿರುವ ಸಂಗತಿಯು ಅದರ ದುರ್ಗಂಧದಿಂದ ಮಾತ್ರ ತಿಳಿದಿರುವುದು.

ಈ ಕೆರೆಯ ವಿಸ್ತೀರ್ಣವು ಸುಮಾರು 900 ಎಕರೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನಿನ ಮೇಲೆ ಕುಳಿತಿರುವ ಊರು. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿಯಾಗಿ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಹೋಗುವುದು. ಪೂರ್ವಕ್ಕೆ ಬಿದ್ದ ನೀರು ಹೆಬ್ಬಾಳದ ಕಣಿವೆಯಿಂದಲೂ ಕೋರಮಂಗಲ-ಚಲ್ಲಘಟ್ಟದ ಕಣಿವೆಯಿಂದಲೂ ಇಳಿದು ದಕ್ಷಿಣಪಿನಾಕಿನಿಯನ್ನು ಸೇರುವುದು. ಈ ಎರಡನೆಯ ಕಣಿವೆಯ ತಗ್ಗಿನಲ್ಲಿರುವುದೇ ಬೆಳ್ಳಂದೂರಿನ ಕೆರೆ. ಮೇಲಿನ ಕೆರೆಯು ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿ ನಡೆದು ಕೆಳಗಿನ ಕೆರೆಗೆ ಬರಬೇಕು. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಹಾರದ ಮಣಿಗಳಂತೆ ಪೋಣಿಸಿದ ಕೆರೆಗಳಲ್ಲಿ ಬೆಳ್ಳಂದೂರು ನಾಯಕಮಣಿ. ಇಲ್ಲಿಂದ ಹೊರಟ ನೀರು ವರ್ತೂರಿನ ಕೆರೆಗೆ ಹೋಗಿ, ಪಿನಾಕಿನಿಯಲ್ಲಿ ಬೆರೆತು, ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯವನ್ನು ಹಾದು, ತೆಂಪೆಣ್ಣೈ ಎಂಬ ತಮಿಳು ಹೆಸರನ್ನು ಧರಿಸಿ, ಕಡಲೂರಿನ ಬಳಿ ಪೂರ್ವಸಮುದ್ರವನ್ನು ಸೇರುವುದು.

ಈ ಸೀಮೆಯು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ‘ಬೆಂಗಳೂರು’ ಎಂಬ ಹೆಸರನ್ನು ಕಲ್ಲಿನಲ್ಲಿ ಕೊರೆದ, ಸುಮಾರು 890ನೆಯ ಇಸವಿಯ ಗಂಗರ ಕಾಲದ ಶಾಸನವು ಇಲ್ಲಿಗೆ ದೂರವಲ್ಲದ ಬೇಗೂರಿನಲ್ಲಿರುವುದು. ಇತ್ತೀಚಿನ ಒಂದು ಕೌತುಕವನ್ನೂ ಹೇಳಬೇಕು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ವಿಮಾನದ ಕಾರ್ಖಾನೆಯು ಈ ಕೆರೆಯ ನೆರೆಯಲ್ಲಿಯೇ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ದುರಸ್ತಿಗಾಗಿ ಬಂದ ಕ್ಯಾಟಲೀನಾ ಎಂಬ ಜಲವಿಮಾನಗಳು ಆಕಾಶದಿಂದ ಇಳಿಯುತ್ತಿದ್ದುದು ಬೆಳ್ಳಂದೂರಿನ ಕೆರೆಯ ನೀರಿನ ಮೇಲೆ! ಹಂಸಗಳಂತೆ ವಿಮಾನಗಳು ಬಂದಿಳಿಯುವುದಕ್ಕೆ ಎಷ್ಟು ನಿರ್ಮಲವೂ ವಿಶಾಲವೂ ಆದ ಜಲರಾಶಿಯು ಬೇಕೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಏರಿಯ ಮೇಲೆ ನಾನು ನಡೆಯುತ್ತಿದ್ದಾಗ ಒಬ್ಬ ವೃದ್ಧರು ಕಲ್ಲಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ವಯಸ್ಸು ಎಂಬತ್ತರ ಮೇಲಿರಬೇಕು. “ಯಜಮಾನರೇ, ಇದೇ ಊರಿನವರೋ?” ಎಂದು ಕೇಳಿದೆನು.

“ಹೂಂ ಸ್ವಾಮಿ, ಇದೇ ಊರು. ತಾವು ಮೇಷ್ಟ್ರಾ?” ಎಂದರು. ನನ್ನ ಕೊಡೆಯನ್ನು ನೋಡಿಯೋ ಏನೋ, ಅವರ ಊಹೆಯು ಸರಿಯಾಗಿತ್ತು.

ಮಾತು ಬೆಳೆಯಿತು. ಅವರ ಮನೆತನದ ಗದ್ದೆಯು ಈ ಕೆರೆಯ ಅಚ್ಚುಕಟ್ಟಿನಲ್ಲಿತ್ತು. ವರ್ಷಕ್ಕೆ ಎರಡು ಬೆಳೆ ಬತ್ತ ಬರುತ್ತಿತ್ತು. ತೂಬನ್ನು ಎತ್ತಿ ನೀರು ಬಿಡುವ ಅಧಿಕಾರವು ನೀರುಗಂಟಿಗೆ ಮಾತ್ರ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ನಾಲಗೆಯ ತುದಿಯಲ್ಲಿ; ಗೌಡನಾದರೂ ಸರಿ, ತನ್ನ ಸರದಿಯನ್ನು ಕಾಯಬೇಕು. ಬೇಸಗೆಯಲ್ಲಿ ನೀರು ತಗ್ಗಿದಾಗ ಊರವರೆಲ್ಲ ಕೂಡಿ ಹೂಳನ್ನು ತೆಗೆದು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುವರು, ಅದೇ ಗೊಬ್ಬರ. ಕೆರೆ ಕೋಡಿ ಬಿದ್ದ ದಿನ ಹೆಂಗಸರು ಬಾಗಿನ ಬಿಡುವರು. “ಈ ಕೆರೆ ನೀರು ಕುಡಿದೇ ಬೆಳೆದೋನು ಸ್ವಾಮಿ ನಾನು. ಮೀನು ಕಾಲಿಗೆ ಕಚ್ಚೋದು ಕಾಣ್ತಿತ್ತು. ಈಗ ನನ್ನ ಮೊಮ್ಮಗನ್ನ ಕೇಳಿ, ಕೆರೆ ಅಂದ್ರೆ ಮೂಗು ಮುಚ್ಕೊಳ್ತಾನೆ” ಎಂದರು.

ಆ ಮಗುವಿನ ತಪ್ಪೇನೂ ಇಲ್ಲ. ನಗರವು ಬೆಳೆದಂತೆಲ್ಲ ಕಾವೇರಿಯ ನೀರನ್ನು ಸುಮಾರು ನೂರು ಕಿಲೋಮೀಟರು ದೂರದಿಂದ, ಯಂತ್ರಬಲದಿಂದ ಬೆಟ್ಟದೆತ್ತರಕ್ಕೆ ಎತ್ತಿ ತರಲಾಯಿತು. 1974ರಲ್ಲಿ ಮೊದಲಾದ ಈ ಕಾರ್ಯವು 2024ರ ಅಕ್ಟೋಬರಿನಲ್ಲಿ ಐದನೆಯ ಹಂತವನ್ನು ಮುಟ್ಟಿತು. ತಂದ ನೀರನ್ನು ಬಳಸಿದ ಮೇಲೆ ಬಚ್ಚಲಿನಿಂದ ಅದು ಎಲ್ಲಿಗೆ ಹೋಗಬೇಕೆಂಬ ಯೋಚನೆಯು ಮಾತ್ರ ಹಿಂದೆ ಬಿದ್ದಿತು. ತಗ್ಗಿಗೆ ಹರಿಯುವುದು ನೀರಿನ ಧರ್ಮ. ಮಳೆಯ ನೀರನ್ನು ತರುವುದಕ್ಕಾಗಿ ಇದ್ದ ರಾಜಕಾಲುವೆಗಳು ಕೊಳಚೆಯನ್ನು ಹೊತ್ತುಕೊಂಡು ಬಂದವು. ನಗರದ ಕೊಳಚೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಬೆಳ್ಳಂದೂರಿಗೇ ಬರತೊಡಗಿತು. ನಾವು ಬಟ್ಟೆ ಒಗೆಯುವ ಪುಡಿಯಲ್ಲಿ ನೊರೆಯನ್ನು ಎಬ್ಬಿಸುವ ರಾಸಾಯನಿಕಗಳೂ ರಂಜಕದ ಲವಣಗಳೂ ಇರುವುವು. ರಂಜಕವು ಅಂತರಗಂಗೆಯ ಕಳೆಗೆ ಗೊಬ್ಬರವಾಗಿ ನೀರನ್ನು ಮುಚ್ಚಿತು. ನೊರೆಯ ದ್ರವ್ಯವು ತಳದ ಹೂಳಿನಲ್ಲಿ ಸೇರಿ ಕುಳಿತಿತು. ಮಳೆಯು ರಭಸದಿಂದ ಬಂದು ಹೂಳನ್ನು ಕದಡಿದಾಗ, ಕೋಡಿಯಲ್ಲಿ ನೀರು ಧುಮುಕುವ ಕಡೆಯಲ್ಲಿ ಅದು ನೊರೆಯ ಬೆಟ್ಟವಾಗಿ ಎದ್ದು, ಗಾಳಿಯಲ್ಲಿ ಹಾರಿ, ಯಮಲೂರು ವರ್ತೂರುಗಳ ರಸ್ತೆಯಲ್ಲಿ ಹೋಗುವವರ ಮೈಮೇಲೆ ಬೀಳುತ್ತಿತ್ತು. ಬಿಸಿಲಿನ ನಾಡಿನಲ್ಲಿ ಹಿಮವನ್ನು ನೋಡಿದೆವೆಂದು ಮಕ್ಕಳು ನಗುತ್ತಿದ್ದರಂತೆ.

ಸಮುದ್ರದೊಳಗೆ ಬಡಬಾಗ್ನಿಯೆಂಬ ಬೆಂಕಿಯುಂಟೆಂದು ಪುರಾಣಗಳಲ್ಲಿ ಹೇಳಿರುವುದನ್ನು ನಾನು ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದ್ದೇನೆ. ನೀರಿನಲ್ಲಿ ಬೆಂಕಿಯೆಂಬುದು ಕವಿಗಳ ಕಲ್ಪನೆಯೆಂದೇ ಹುಡುಗರ ಭಾವನೆಯಾಗಿತ್ತು. 2015ರ ಮೇ ತಿಂಗಳಿನಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ ಹೊಗೆಯೆದ್ದಿತು. 2018ರ ಜನವರಿಯಲ್ಲಿ ಉರಿದುದನ್ನು ಆರಿಸಲು ನೆರೆಯ ಸೈನ್ಯದ ಯೋಧರು ಸಾವಿರಗಟ್ಟಳೆಯಾಗಿ ಇಳಿಯಬೇಕಾಯಿತು. ಒಣಗಿದ ಕಳೆ, ಎಸೆದ ಕಸ, ಕೊಳೆತ ತಳದಿಂದ ಏಳುವ ಮೀಥೇನ್ ಎಂಬ ಅನಿಲ, ಇವು ಸೇರಿದ ಕಡೆಯಲ್ಲಿ ಒಂದು ಕಿಡಿಯು ಸಾಕು.

ಕಡಪ ಸೀಮೆಯ ಪೋರುಮಾಮಿಳ್ಳ ಎಂಬಲ್ಲಿ 1369ನೆಯ ಇಸವಿಯ ಒಂದು ಸಂಸ್ಕೃತ ಶಾಸನವುಂಟು. ವಿಜಯನಗರದ ರಾಜಕುಮಾರನಾದ ಭಾಸ್ಕರನು ಅಲ್ಲಿ ಕೆರೆಯನ್ನು ಕಟ್ಟಿಸಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಕಲ್ಲಿನಲ್ಲಿ ಬರೆಯಿಸಿದನು. ಏರಿಯಲ್ಲಿ ನೀರು ಜಿನುಗುವುದು, ಚವುಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ನಡುವೆ ಆಮೆಯ ಬೆನ್ನಿನಂತೆ ದಿಬ್ಬವಿರುವುದು, ನೀರು ಕಡಮೆ ನೆಲ ಹೆಚ್ಚು, ನೆಲ ಕಡಮೆ ನೀರು ಹೆಚ್ಚು ಇವೇ ಆ ಆರು. ಊರಿನ ಜನರು ತಮ್ಮ ಕೊಳೆಯನ್ನು ತಾವೇ ಕೆರೆಗೆ ಬಿಡುವರೆಂಬ ಏಳನೆಯ ದೋಷವು ಆ ಕಾಲದ ಪಂಡಿತರಿಗೆ ತೋರಲಿಲ್ಲ. ಪುತ್ರನಂತೆ ತಟಾಕವೂ ಸಂತಾನವೆಂದು ಎಣಿಸಿದವರಿಗೆ ಅದು ತೋರುವ ಬಗೆ ಹೇಗೆ?

ಇಷ್ಟು ಕೆಟ್ಟುದು ಸಾಲದೆಂಬಂತೆ, ಮಳೆಯ ನಡತೆಯೂ ಈಗ ಬದಲಾಗಿದೆ. ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟುದರಿಂದ ವಾಯುಮಂಡಲದಲ್ಲಿ ಇಂಗಾಲಾಮ್ಲವು ಹೆಚ್ಚಿತು. ಯಂತ್ರಯುಗಕ್ಕೆ ಮೊದಲು ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದುದು ಈಗ 420ನ್ನು ಮೀರಿದೆ. ಅದು ಕಂಬಳಿಯಂತೆ ಭೂಮಿಯ ಶಾಖವನ್ನು ಹಿಡಿದಿಡುವುದು. 2024ನೆಯ ಇಸವಿಯಲ್ಲಿ ಭೂಮಿಯ ಸರಾಸರಿ ಶಾಖವು ಆ ಹಳೆಯ ಕಾಲಕ್ಕಿಂತ ಒಂದೂವರೆ ಡಿಗ್ರಿಗೂ ಹೆಚ್ಚಾಗಿತ್ತು. ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ಅದು ಹೊರಬಲ್ಲ ನೀರಾವಿಯು ಸುಮಾರು ನೂರಕ್ಕೆ ಏಳರಷ್ಟು ಹೆಚ್ಚುವುದು. ಹೆಚ್ಚು ಹೊತ್ತ ಮೋಡವು ಸುರಿದಾಗ ಹೆಚ್ಚು ಸುರಿಯುವುದು. ಸುರಿಯದೆ ಹೋದಾಗ ಬಿಸಿಗಾಳಿಯು ನೆಲದ ತೇವವನ್ನು ಹೆಚ್ಚು ಹೀರುವುದು. ಅತಿವೃಷ್ಟಿಗೂ ಅನಾವೃಷ್ಟಿಗೂ ಹೀಗೆ ಒಂದೇ ತಾಯಿ.

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ 131.6 ಮಿಲಿಮೀಟರು ಮಳೆಯಾಯಿತು. ಮೇಲಿನ ಕೆರೆಗಳು ತುಂಬಿ ಹರಿದವು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಗಳ ಬಡಾವಣೆಗಳಲ್ಲಿ ಕೋಟಿಗಟ್ಟಳೆ ಬೆಲೆಯ ಮನೆಗಳೊಳಗೆ ನೀರು ನಿಂತಿತು, ಕಾರುಗಳು ತೇಲಿದವು, ಬಡವರ ಗುಡಿಸಲುಗಳ ಗತಿಯನ್ನು ಹೇಳತಕ್ಕುದೇ ಇಲ್ಲ. “ನನ್ನ ಮಗ ಟ್ರ್ಯಾಕ್ಟರ್ ತಗೊಂಡು ಹೋಗಿ ಆಫೀಸಿನೋರನ್ನ ದಾಟಿಸ್ದ ಸ್ವಾಮಿ” ಎಂದು ಆ ವೃದ್ಧರು ನೆನೆದರು. “ನೀರೇನು ಹೊಸ ದಾರಿ ಹುಡುಕ್ಲಿಲ್ಲ. ಅದರ ದಾರೀಲೇ ಅದು ಬಂತು. ನಾವು ಹೋಗಿ ಆ ದಾರೀಲಿ ಕೂತಿದ್ವಿ.”

ಅವರ ಮಾತಿಗೆ ಲೆಕ್ಕದ ಆಧಾರವೂ ಉಂಟು. 900 ಎಕರೆಯ ಕೆರೆಯಲ್ಲಿ ಉದ್ದಕ್ಕೂ ಒಂದೇ ಒಂದು ಅಡಿ ಹೂಳು ತುಂಬಿತೆಂದು ಭಾವಿಸಿರಿ. ಅಷ್ಟರಿಂದ ಸುಮಾರು 111 ಕೋಟಿ ಲೀಟರು ನೀರಿನ ಸ್ಥಳವು ಹೋಗುವುದು. ಆ ರಾತ್ರಿಯ ಮಳೆಯು ಸುಮಾರು ಎಂಟೂವರೆ ಚದರ ಕಿಲೋಮೀಟರು ನೆಲದ ಮೇಲೆ ಬಿದ್ದುದಷ್ಟೂ ಅದಕ್ಕೆ ಸಮ. ಇಲ್ಲಿ ತುಂಬಿದುದು ಒಂದು ಅಡಿಯಲ್ಲ, ಹಲವು ಅಡಿ. ಮೇಲಾಗಿ, ಚಲ್ಲಘಟ್ಟದ ಕೆರೆಯು ಗಾಲ್ಫ್ ಆಟದ ಬಯಲಾಯಿತು. ಕೋರಮಂಗಲದ ಕೆರೆಯಲ್ಲಿ ಕ್ರೀಡಾಗ್ರಾಮವೆದ್ದಿತು. ಸಂಪಂಗಿ ಕೆರೆಯು ಕಂಠೀರವ ಕ್ರೀಡಾಂಗಣವಾಯಿತು. ಮಣಿಗಳನ್ನು ಕಿತ್ತ ಮೇಲೆ ದಾರವು ನೀರನ್ನು ಹಿಡಿಯಬಲ್ಲುದೆ?

ಒಂದೂವರೆ ವರ್ಷವೂ ತುಂಬಲಿಲ್ಲ, ಅದೇ ಬಡಾವಣೆಗಳಲ್ಲಿ ಕೊಡ ನೀರಿಗೆ ಹಾಹಾಕಾರವೆದ್ದಿತು. 2023ರ ಮುಂಗಾರು ಸೋತಿತು. 2024ರ ಮಾರ್ಚಿನ ವೇಳೆಗೆ ನಗರದ ಸರ್ಕಾರಿ ಕೊಳವೆಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿದವು. ಐದು ಕಿಲೋಮೀಟರಿನೊಳಗೆ ತರುವ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿಯೆಂದು ಜಿಲ್ಲಾಡಳಿತವು ದರವನ್ನು ಗೊತ್ತುಮಾಡಬೇಕಾಯಿತು. ಏಪ್ರಿಲ್ 28ರಂದು ಶಾಖವು 38.5 ಡಿಗ್ರಿಗೆ ಏರಿತು. 2016ರ ಏಪ್ರಿಲಿನ 39.2 ಡಿಗ್ರಿಯ ದಾಖಲೆಗೆ ಸಮೀಪಿಸಿದ ಬಿಸಿಲು. ಐದು ವಾರ ಕಳೆಯಿತು. ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರು ಸುರಿದು, ಜೂನ್ ತಿಂಗಳಿಗೆ 1891ರಿಂದ ನಿಂತಿದ್ದ ದಾಖಲೆಯನ್ನು ಮುರಿಯಿತು. ಇಂತಹ ಕಾಲಕ್ಕೆ ಬೇಕಾದುದು ಬಂದುದನ್ನು ಹಿಡಿದಿಡುವ ಪಾತ್ರೆ. ಆ ಪಾತ್ರೆಯೇ ನಮ್ಮಲ್ಲಿ ಹೂಳಿನಿಂದ ತುಂಬಿದೆ.

ಉತ್ತರದಲ್ಲಿಯೂ ಕಥೆಯು ಬೇರೆಯಲ್ಲ. ಹಿಮಾಲಯ, ಹಿಂದೂಕುಶ ಪರ್ವತಗಳ ಹಿಮನದಿಗಳು 2011ರಿಂದ 2020ರವರೆಗೆ ಅದರ ಹಿಂದಿನ ದಶಕಕ್ಕಿಂತ ನೂರಕ್ಕೆ 65ರಷ್ಟು ಹೆಚ್ಚು ವೇಗದಿಂದ ಕರಗಿದವೆಂದು ಕಾಠ್ಮಂಡುವಿನ ಪರ್ವತಾಭಿವೃದ್ಧಿ ಸಂಸ್ಥೆಯು 2023ರಲ್ಲಿ ತಿಳಿಸಿತು. ಗಂಗೋತ್ರಿಯ ಹಿಮನದಿಯ ಮುಖವಾದ ಗೋಮುಖವು 1935ರಿಂದೀಚೆಗೆ ಒಂದು ಕಿಲೋಮೀಟರಿಗಿಂತ ಹೆಚ್ಚು ಹಿಂದಕ್ಕೆ ಸರಿದಿದೆ. ಮೊದಲು ನೀರು ಹೆಚ್ಚುವುದು, ಆಮೇಲೆ ಬತ್ತುವುದು. ಹೆಚ್ಚಿದಾಗಿನ ಅನರ್ಥಕ್ಕೆ ಕೇದಾರವೇ ಸಾಕ್ಷಿ. 2013ರ ಜೂನಿನಲ್ಲಿ ಅಲ್ಲಿ ಘೋರವಾದ ಮಳೆಯಾಗಿ, ಮೇಲಿನ ಚೋರಾಬಾರಿ ಸರೋವರವು ಒಡೆದು, ಸಾವಿರಾರು ಜನರು ಮಡಿದರು. ಆ ಕ್ಷೇತ್ರದ ಅರ್ಚಕರಾದ ರಾವಲರು ಪರಂಪರೆಯಾಗಿ ಕರ್ನಾಟಕದ ವೀರಶೈವರೇ ಆಗಿರುವುದರಿಂದ ನಮಗೆ ಅದು ದೂರದ ಊರೆಂದು ಹೇಳುವಂತಿಲ್ಲ. 2023ರ ಅಕ್ಟೋಬರಿನಲ್ಲಿ ಸಿಕ್ಕಿಮಿನ ದಕ್ಷಿಣ ಲೋನಾಕ್ ಎಂಬ ಹಿಮಸರೋವರವು ಒಡೆದು ಚುಂಗ್‌ಥಾಂಗಿನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಹಿಮನದಿಯನ್ನು ಮತ್ತೆ ಕಟ್ಟುವ ಶಕ್ತಿಯು ಮನುಷ್ಯನಿಗಿಲ್ಲ. ಕೆರೆಯನ್ನಾದರೋ ನಮ್ಮವರೇ ಕಟ್ಟಿದರು, ನಾವು ಕಟ್ಟಬಲ್ಲೆವು. ನಮಗೂ ಅವರಿಗೂ ಇರುವ ಭೇದವು ಇದೊಂದೇ, ಮತ್ತು ಇದು ನಮ್ಮ ಭಾಗ್ಯ.

ಕೆಲಸವೇನೂ ನಡೆದಿಲ್ಲವೆಂದರೆ ಅನ್ಯಾಯವಾದೀತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2017ರಲ್ಲಿ ಈ ಕೆರೆಯ ವಿಚಾರವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. 2018ರ ಡಿಸೆಂಬರಿನಲ್ಲಿ ರಾಜ್ಯಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡವನ್ನು ವಿಧಿಸಿ, ಕೆರೆಯ ಕೆಲಸಕ್ಕಾಗಿ 500 ಕೋಟಿಯನ್ನು ತೆಗೆದಿಡಬೇಕೆಂದು ಆಜ್ಞೆ ಮಾಡಿ, ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ಸಮಿತಿಯನ್ನು ಮೇಲ್ವಿಚಾರಣೆಗೆ ನೇಮಿಸಿತು. ಆಮೇಲೆ ಹೂಳೆತ್ತುವ ಕಾರ್ಯವು ಮೊದಲಾಯಿತು. ಗಡುವುಗಳು ಒಂದರ ಮೇಲೊಂದು ಕಳೆದರೂ ಲಾರಿಗಟ್ಟಳೆ ಹೂಳು ಹೊರಗೆ ಹೋಗಿರುವುದು. ಈ ಕಣಿವೆಯ ಕೊಳಚೆಯನ್ನು ಶುದ್ಧಿಮಾಡಿ, ದಿನಕ್ಕೆ 44 ಕೋಟಿ ಲೀಟರಿನವರೆಗೆ ಕೋಲಾರದ ಸೀಮೆಯ ಬತ್ತಿದ ಕೆರೆಗಳಿಗೆ ಕಳುಹಿಸುವ ಯೋಜನೆಯು 2018ರ ಜೂನಿನಲ್ಲಿ ಪ್ರಾರಂಭವಾಯಿತು. ಮರುತಿಂಗಳೇ ಅಲ್ಲಿಯೂ ನೊರೆಯು ಕಂಡು ವ್ಯಾಜ್ಯವು ಉಚ್ಚನ್ಯಾಯಾಲಯದವರೆಗೆ ಹೋಯಿತು. ಬಳಿಕ ಬಾವಿಗಳಲ್ಲಿ ನೀರು ಮೇಲೆದ್ದಿತೆಂದು ಸಂತೋಷಪಡುವ ರೈತರೂ ಅಲ್ಲಿದ್ದಾರೆ. ಎರಡು ಸಲ ಶುದ್ಧಿಮಾಡಿದುದು ಸಾಲದು, ಮೂರನೆಯ ಸಲವೂ ಆಗಬೇಕೆಂದು ಕೇಳುವ ರೈತರೂ ಇದ್ದಾರೆ. ಈ ಎರಡನೆಯವರ ಮಾತು ನ್ಯಾಯವಾಗಿಯೇ ಇದೆ. ನಮ್ಮ ಮನೆಯ ಬಚ್ಚಲಿನ ನೀರು ಮತ್ತೊಬ್ಬರ ಹೊಲದ ಬಾವಿಗೆ ಇಳಿಯುವಾಗ, ಅದು ಹೇಗಿರಬೇಕೆಂದು ಹೇಳುವ ಅಧಿಕಾರವು ಆ ಹೊಲದವರದು. ಕೆಲವರಪಳ್ಳಿಯಲ್ಲಿ ನೊರೆಯನ್ನು ಕಾಣುವ ಹೊಸೂರಿನ ಕನ್ನಡಿಗ, ತಮಿಳು, ತೆಲುಗು ರೈತರಿಗೂ ಅದೇ ಅಧಿಕಾರವುಂಟು.

ಕೊಳೆತ ಕೆರೆಯು ತಾನೂ ಭೂಮಿಯ ಬಿಸಿಗೆ ಕಾರಣವೆಂಬ ಮತ್ತೊಂದು ಸಂಗತಿಯನ್ನು ಮರೆಯಬಾರದು. ಅದರ ತಳದಿಂದ ಏಳುವ ಮೀಥೇನ್ ಅನಿಲವು, ತೂಕಕ್ಕೆ ತೂಕ ನೋಡಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲಾಮ್ಲಕ್ಕಿಂತ 27 ಪಾಲಿಗೂ ಹೆಚ್ಚು ಶಾಖವನ್ನು ಹಿಡಿಯುವುದು. ಕೆರೆಯನ್ನು ಶುದ್ಧಿಮಾಡಿದರೆ ಊರಿಗೆ ನೀರು, ಮೂಗಿಗೆ ನೆಮ್ಮದಿ, ಅಷ್ಟೇ ಅಲ್ಲ. ಹಿಮಾಲಯಕ್ಕೂ ನಾವು ಸಲ್ಲಿಸುವ ಒಂದು ಚಿಕ್ಕ ಕಾಣಿಕೆಯಾಗುವುದು.

ಸರ್ಕಾರದವರು ಮಾಡಬೇಕಾದುದು ಸರ್ಕಾರದವರಿಗೆ ಇರಲಿ. ಗೃಹಸ್ಥರಾದ ನಾವು ಮಾಡಬಹುದಾದುದನ್ನು ಲೆಕ್ಕ ಹಾಕಿ ನೋಡೋಣ. ಮೂವತ್ತು-ನಲವತ್ತು ಅಡಿಯ ನಿವೇಶನವೊಂದರ ಮೇಲೆ ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಂತೆ ಬೀಳುವ ಮಳೆಯು ಸುಮಾರು 1,08,000 ಲೀಟರು. ಐದರಲ್ಲಿ ಒಂದು ಪಾಲು ನಷ್ಟವಾಯಿತೆಂದರೂ 86,000 ಲೀಟರು ಉಳಿಯುವುದು. ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ ಐದು ಜನರ ಸಂಸಾರಕ್ಕೆ ಇದು ನಾಲ್ಕು ತಿಂಗಳ ನೀರು. ಸೆಪ್ಟೆಂಬರಿನ ಆ ಒಂದು ರಾತ್ರಿ ಅಂತಹ ಮನೆಯೊಂದರ ಮೇಲೆ ಬಿದ್ದುದೇ ಹದಿನಾಲ್ಕು ಸಾವಿರ ಲೀಟರಿಗೂ ಹೆಚ್ಚು. 2024ರಲ್ಲಿ ಸಾವಿರ ರೂಪಾಯಿ ಕೊಟ್ಟು ತರಿಸುತ್ತಿದ್ದ ಟ್ಯಾಂಕರಿಗಿಂತ ಅಧಿಕ. ಅದು ತೊಟ್ಟಿಗೂ ಇಂಗುಗುಂಡಿಗೂ ಇಳಿದಿದ್ದರೆ ಬೀದಿಯಲ್ಲಿ ನಿಲ್ಲುತ್ತಿರಲಿಲ್ಲ. ಮಳೆಯ ನೀರನ್ನು ಹಿಡಿಯಬೇಕೆಂದು 2009ರಿಂದ ಕಾನೂನೇ ಇದೆ; ಕೊಳವೆಯನ್ನು ಜೋಡಿಸಿ, ಮೊದಲ ಮಳೆಯ ಕೊಳೆನೀರನ್ನು ಬೇರೆ ಬಿಟ್ಟು, ವರ್ಷಕ್ಕೊಮ್ಮೆ ಜರಡಿಯನ್ನು ತೊಳೆಯುವ ಕೆಲಸವು ಮಾತ್ರ ನಮ್ಮದು.

ಎರಡನೆಯದು ಸೋಪಿನ ಪುಡಿ. ನೊರೆ ಹೆಚ್ಚಾದರೆ ಬಟ್ಟೆ ಹೆಚ್ಚು ಬೆಳ್ಳಗಾಗುವುದೆಂಬುದು ಭ್ರಮೆ. ಎರಡು ಚಮಚೆ ಸಾಕಾದೆಡೆಯಲ್ಲಿ ನಾಲ್ಕು ಹಾಕಿದರೆ ಉಳಿದೆರಡು ಹೋಗುವುದು ಕೆರೆಗೆ. ನಮ್ಮ ಹಿರಿಯ ಹೆಂಗಸರು ಅಂಟುವಾಳದ ಕಾಯಿಯಿಂದ ರೇಷ್ಮೆಯ ಸೀರೆಗಳನ್ನು ಒಗೆಯುತ್ತಿದ್ದರು. ಆ ಸೀರೆಗಳು ಮೊಮ್ಮಕ್ಕಳ ಕಾಲದವರೆಗೆ ಬಾಳಿದವು. ರಂಜಕವಿಲ್ಲದ ಪುಡಿಗಳೂ ಈಗ ಅಂಗಡಿಗಳಲ್ಲಿ ದೊರೆಯುವುವು. ಕೊಳ್ಳುವಾಗ ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದುವಷ್ಟು ತಾಳ್ಮೆ ಬೇಕು. ಮೂರನೆಯದಾಗಿ, ತಮ್ಮ ಮನೆಯ ಬಚ್ಚಲಿನ ಕೊಳವೆಯು ಒಳಚರಂಡಿಗೆ ಸೇರಿದೆಯೋ ಮಳೆನೀರಿನ ಕಾಲುವೆಗೆ ಸೇರಿದೆಯೋ ಎಂಬುದನ್ನು ಪ್ರತಿಯೊಬ್ಬ ಯಜಮಾನನೂ ಒಮ್ಮೆ ಹೋಗಿ ನೋಡಬೇಕು. ಬೆಂಗಳೂರಿನಲ್ಲಿ ಮನೆಯುಳ್ಳವರಿಗೆ ಮಾತ್ರ ಹೇಳಿದ ಮಾತಲ್ಲವಿದು. ತುಮಕೂರು, ಹಾಸನ, ಧಾರವಾಡ, ಯಾವ ಊರಿನಲ್ಲಿಯಾದರೂ ತಗ್ಗಿನಲ್ಲಿ ಒಂದು ಕೆರೆಯುಂಟು, ಅದರಾಚೆಗೆ ಒಂದು ಹೊಲವುಂಟು.

ಮಕ್ಕಳನ್ನು ರಜೆಯಲ್ಲಿ ಎಲ್ಲಿಗೆ ಕರೆದುಕೊಂಡು ಹೋಗೋಣವೆಂದು ಯೋಚಿಸುವ ತಾಯಿತಂದೆಗಳು ಒಂದು ದಿನ ಅವರಿಗೆ ತಮ್ಮ ಊರಿನ ಕೆರೆಯನ್ನು ತೋರಿಸಲಿ. ಏರಿ ಯಾವುದು, ತೂಬು ಯಾವುದು, ಕೋಡಿ ಯಾವುದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುವುದು ಎಂಬುದನ್ನು ಕಾಲ್ನಡಗೆಯಿಂದಲೇ ತಿಳಿಯಿಸಲಿ. ಮುಂದೆ ಆ ಕೆರೆಯನ್ನು ಕಾಯಬೇಕಾದವರು ಅವರೇ. ಹೆಸರನ್ನೂ ದಾರಿಯನ್ನೂ ಅರಿಯದ ವಸ್ತುವನ್ನು ಯಾರೂ ಕಾಯಲಾರರು. ಮುಂಗಾರು ಬರುವುದಕ್ಕೆ ಇನ್ನೂ ಕೆಲವು ದಿನಗಳಿರುವಾಗಲೇ ಮನೆಯ ಮಾಡಿನ ಕೊಳವೆಗಳನ್ನು ಸರಿಪಡಿಸಿಕೊಳ್ಳುವುದು ಉತ್ತಮ.